ನಗೆನಾಟಕ ತಯಾರಾಗುವ ಬಗೆ: ‘ಟಾಪ್ಸಿ-ಟರ್ವಿ’ ತೋರಿಸುವ ಕಂಪನಿಯ ಒಳಮನೆ

ನಾಟಕ ಕಂಪನಿಗಳ ಮೇಲೆ ಬಂದ ಸಿನಿಮಾಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಹೇಳುವುದು ಪ್ರೇಮದ ಕಥೆ, ಮತ್ಸರದ ಕಥೆ, ಕಲಾವಿದೆಯ ಕಣ್ಣೀರಿನ ಕಥೆ. ನಾಟಕ ಅಲ್ಲಿ ಬರೀ ಹಿಂದಿನ ಪರದೆ. ಸಂಬಳ ಗೊತ್ತುಮಾಡುವವರು ಯಾರು, ಮಾತಿಗೆ ಒತ್ತು ಎಲ್ಲಿ ಬೀಳಬೇಕೆಂದು ತೀರ್ಮಾನಿಸುವವರು ಯಾರು, ಬೇಸಿಗೆಯಲ್ಲಿ ಜನ ಬಾರದಿದ್ದರೆ ಮಾಲೀಕ ಏನು ಮಾಡುತ್ತಾನೆ, ಉಡುಪು ಹಿಡಿಸದ ನಟ ಯಾರ ಬಳಿ ದೂರುತ್ತಾನೆ ಎಂಬುದೆಲ್ಲ ನೋಡುವವರಿಗೆ ತಿಳಿಯುವುದೇ ಇಲ್ಲ.

ಬ್ರಿಟಿಷ್ ನಿರ್ದೇಶಕ ಮೈಕ್ ಲೀ 1999ರಲ್ಲಿ ಮಾಡಿದ ‘ಟಾಪ್ಸಿ-ಟರ್ವಿ’ ಈ ವಿಷಯದಲ್ಲಿ ಬೇರೆಯೇ ಜಾತಿಯ ಚಿತ್ರ. 1884–85ರ ಲಂಡನ್ನಿನಲ್ಲಿ, ಸವಾಯ್ ಥಿಯೇಟರ್ ಎಂಬ ರಂಗಮಂದಿರದಲ್ಲಿ, ‘ದಿ ಮಿಕಾಡೊ’ ಎಂಬ ನಗೆ ಒಪೆರಾ ಹೇಗೆ ತಯಾರಾಯಿತು ಎನ್ನುವುದೇ ಇದರ ಕಥೆ. ಬರೆದವನು ಡಬ್ಲ್ಯು.ಎಸ್. ಗಿಲ್ಬರ್ಟ್, ಸಂಗೀತ ಕೂಡಿಸಿದವನು ಆರ್ಥರ್ ಸಲಿವನ್, ಬಂಡವಾಳ ಹಾಕಿ ಕಂಪನಿ ನಡೆಸಿದವನು ರಿಚರ್ಡ್ ಡೊಯ್ಲಿ ಕಾರ್ಟ್. ಸುಮಾರು 160 ನಿಮಿಷಗಳ ಈ ಚಿತ್ರದಲ್ಲಿ ಖಳನಾಯಕನಿಲ್ಲ, ಕೊಲೆಯಿಲ್ಲ, ದೊಡ್ಡ ಪ್ರೇಮ ಪ್ರಸಂಗವೂ ಇಲ್ಲ. ಇರುವುದೆಲ್ಲ ಕೆಲಸ. ಆ ಕೆಲಸವನ್ನೇ ಲೀ ಕುತೂಹಲ ಕೆರಳಿಸುವಂತೆ, ನಗು ಉಕ್ಕುವಂತೆ ತೋರಿಸಿದ್ದಾರೆ.

ಪ್ರೇಕ್ಷಕರನ್ನು ನಗಿಸುವ ನಾಟಕ ನೋಡಲು ಎಷ್ಟು ಹಗುರವೋ ಕಟ್ಟಲು ಅಷ್ಟೇ ಭಾರ. ಆ ಭಾರವನ್ನು ಯಾರು ಯಾರು ಹೊರುತ್ತಾರೆ, ಹೇಗೆ ಹಂಚಿಕೊಳ್ಳುತ್ತಾರೆ ಎಂಬುದನ್ನು ಈ ಚಿತ್ರದಷ್ಟು ಸ್ಪಷ್ಟವಾಗಿ ತೋರಿಸಿದ ಸಿನಿಮಾಗಳು ಕಡಿಮೆ. ಆದ್ದರಿಂದ ಇದನ್ನು ಒಂದು ಕಂಪನಿಯ ಕೆಲಸದ ಕೈಪಿಡಿಯಾಗಿಯೂ ಓದಬಹುದು. ಈ ಲೇಖನದ ಉದ್ದೇಶವೂ ಅದೇ.

ಕಂಪನಿಯಲ್ಲಿ ಯಾರ ಕೆಲಸ ಏನು

ಸವಾಯ್ ಕಂಪನಿಗೆ ಮೂರು ಕಂಬಗಳು. ಗಿಲ್ಬರ್ಟ್ (1836–1911) ಮಾತು ಮತ್ತು ಹಾಡುಗಳ ಸಾಹಿತ್ಯ ಬರೆಯುತ್ತಿದ್ದ. ಅಷ್ಟೇ ಅಲ್ಲ, ರಂಗದ ಮೇಲೆ ಯಾರು ಎಲ್ಲಿ ನಿಲ್ಲಬೇಕು, ಹೇಗೆ ನಡೆಯಬೇಕು, ಏನು ಉಡಬೇಕು ಎಂಬುದನ್ನೂ ಅವನೇ ನಿರ್ಧರಿಸುತ್ತಿದ್ದ. ಇಂದು ನಾವು ನಿರ್ದೇಶಕ ಎನ್ನುವವನ ಕೆಲಸವನ್ನು ಅಲ್ಲಿ ನಾಟಕಕಾರನೇ ಮಾಡುತ್ತಿದ್ದ. ಸಲಿವನ್ (1842–1900) ರಾಗ ಹಾಕಿ, ವಾದ್ಯಮೇಳಕ್ಕೆ ಸ್ವರಲಿಪಿ ಬರೆದು, ಹಾಡುಗಾರರನ್ನು ತಿದ್ದಿ, ಮೊದಲ ಪ್ರದರ್ಶನದ ದಿನ ತಾನೇ ಮುಂದೆ ನಿಂತು ವಾದ್ಯಮೇಳ ನಡೆಸುತ್ತಿದ್ದ. ಕಾರ್ಟ್ (1844–1901) ದುಡ್ಡು, ಕಟ್ಟಡ, ಕರಾರು, ಜಾಹೀರಾತು ನೋಡಿಕೊಳ್ಳುತ್ತಿದ್ದ. 1875ರಲ್ಲಿ ‘ಟ್ರಯಲ್ ಬೈ ಜ್ಯೂರಿ’ ಎಂಬ ಪುಟ್ಟ ಒಪೆರಾಕ್ಕಾಗಿ ಗಿಲ್ಬರ್ಟ್ ಮತ್ತು ಸಲಿವನ್‌ರನ್ನು ಕೂಡಿಸಿದವನೂ ಅವನೇ.

ಈ ಮೂವರ ಹೆಸರು ಪೋಸ್ಟರಿನಲ್ಲಿ ಕಾಣುತ್ತದೆ. ಕಾಣದ ನಾಲ್ಕನೆಯವಳು ಹೆಲೆನ್ ಲೆನೊಯ್ರ್. ಕಾರ್ಟ್‌ನ ಕಚೇರಿ ಸೇರಿದ ಈಕೆ ಕ್ರಮೇಣ ಕಂಪನಿಯ ಲೆಕ್ಕಪತ್ರ, ಪ್ರವಾಸ, ಒಪ್ಪಂದಗಳ ಬೆನ್ನೆಲುಬಾದಳು. 1888ರಲ್ಲಿ ಅವನ ಹೆಂಡತಿಯೂ ಆದಳು. ಚಿತ್ರದಲ್ಲಿ ವೆಂಡಿ ನಾಟಿಂಗ್‌ಹ್ಯಾಂ ಈ ಪಾತ್ರ ಮಾಡಿದ್ದಾರೆ. ಅವರ ಮಾತು ಕಡಿಮೆ, ಆದರೆ ಗಂಡಸರು ಅಹಂಕಾರದಲ್ಲಿ ಮುನಿಸಿಕೊಂಡು ಕೂತಾಗಲೆಲ್ಲ ಕೋಣೆಯಲ್ಲಿ ತಲೆ ತಣ್ಣಗಿರುವುದು ಅವರೊಬ್ಬರದೇ.

ಇವರ ಕೆಳಗೆ ಪ್ರಧಾನ ನಟರು. ಹಾಸ್ಯಪಾತ್ರಗಳಿಗೆ ಜಾರ್ಜ್ ಗ್ರಾಸ್‌ಮಿತ್, ಗಂಭೀರ ಮುಖದಲ್ಲೇ ನಗಿಸುವ ದಢೂತಿ ಪಾತ್ರಗಳಿಗೆ ರಟ್ಲೆಂಡ್ ಬ್ಯಾರಿಂಗ್ಟನ್, ನಾಯಕನಿಗೆ ಡರ್ವರ್ಡ್ ಲೀಲಿ, ನಾಯಕಿಗೆ ಲಿಯೊನೋರಾ ಬ್ರಹಾಂ, ಚುರುಕಿನ ಹುಡುಗಿಯ ಪಾತ್ರಕ್ಕೆ ಜೆಸ್ಸಿ ಬಾಂಡ್, ಗಟ್ಟಿ ಕಂಠದ ಪಾತ್ರಗಳಿಗೆ ರಿಚರ್ಡ್ ಟೆಂಪಲ್. ಇವರೆಲ್ಲ ಇತಿಹಾಸದಲ್ಲಿ ಇದ್ದವರೇ. ಒಂದೊಂದು ಬಗೆಯ ಪಾತ್ರಕ್ಕೂ ಕಾಯಂ ನಟರಿದ್ದುದರಿಂದ ಗಿಲ್ಬರ್ಟ್ ಬರೆಯುವಾಗಲೇ ಯಾರ ಬಾಯಿಗೆ ಯಾವ ಮಾತು ಒಪ್ಪುತ್ತದೆಂದು ಬಲ್ಲವನಾಗಿದ್ದ. ಅವರ ಹಿಂದೆ ಹಾಡುಮೇಳದ ಗಂಡಸರು, ಹೆಂಗಸರು. ಅವರ ಹಿಂದೆ ಬಣ್ಣದವರು, ದರ್ಜಿಗಳು, ಬೆಳಕಿನವರು, ಪರದೆ ಎಳೆಯುವವರು, ಬಾಗಿಲು ಕಾಯುವವರು. ಚಿತ್ರ ಶುರುವಾಗುವುದೇ ಥಿಯೇಟರಿನ ಸಾಲು ಸಾಲು ಕುರ್ಚಿಗಳನ್ನು ಸಿಬ್ಬಂದಿ ಪರೀಕ್ಷಿಸುವ ದೃಶ್ಯದಿಂದ. ಯಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ ಎಂಬುದನ್ನು ಲೀ ಅಲ್ಲಿಯೇ ಹೇಳಿಬಿಟ್ಟಿದ್ದಾರೆ.

ದುಡ್ಡು ಓಡಾಡುವ ದಾರಿ

1883ರ ಫೆಬ್ರವರಿಯಲ್ಲಿ ಗಿಲ್ಬರ್ಟ್, ಸಲಿವನ್, ಕಾರ್ಟ್ ಮೂವರೂ ಐದು ವರ್ಷದ ಕರಾರು ಮಾಡಿಕೊಂಡರು. ಅದರ ಸಾರ ಸರಳ. ಥಿಯೇಟರಿನ ಬಾಡಿಗೆಯೆಂದು ವರ್ಷಕ್ಕೆ 4,000 ಪೌಂಡ್ ಮತ್ತು ಉಳಿದ ಖರ್ಚುಗಳನ್ನು ಕಳೆದು, ಮಿಕ್ಕ ಲಾಭವನ್ನು ಮೂರು ಸಮಪಾಲು ಮಾಡಬೇಕು. ಪ್ರತಿಯಾಗಿ, ಕಾರ್ಟ್ ಆರು ತಿಂಗಳ ಮುಂಚಿತ ನೋಟಿಸು ಕೊಟ್ಟರೆ ಗಿಲ್ಬರ್ಟ್ ಮತ್ತು ಸಲಿವನ್ ಹೊಸ ಒಪೆರಾ ಬರೆದು ಕೊಡಲೇಬೇಕು.

ಈ ಎರಡು ಷರತ್ತುಗಳೇ ಚಿತ್ರದ ಕಥೆಯನ್ನು ಮುಂದೆ ತಳ್ಳುವ ಶಕ್ತಿ. 1884ರ ಜನವರಿ 5ರಂದು ‘ಪ್ರಿನ್ಸೆಸ್ ಐಡಾ’ ತೆರೆ ಕಂಡಿತು. 246 ಪ್ರದರ್ಶನ ಎನ್ನುವುದು ಸಾಧಾರಣ ಕಂಪನಿಗೆ ದೊಡ್ಡ ಯಶಸ್ಸು, ಸವಾಯ್‌ಗೆ ಕಡಿಮೆ. ಆ ಬೇಸಿಗೆಯ ಸೆಕೆಗೆ ಲಂಡನ್ನಿನ ಜನ ಥಿಯೇಟರಿನ ಕಡೆ ತಲೆ ಹಾಕಲಿಲ್ಲ. ಗಲ್ಲಾಪೆಟ್ಟಿಗೆ ಬರಿದಾಗುತ್ತಿದ್ದರೂ ನಟರ ಸಂಬಳ, ವಾದ್ಯದವರ ಸಂಬಳ, ಬೆಳಕಿನ ಖರ್ಚು ನಿಲ್ಲುವುದಿಲ್ಲ. ಹೊಸದು ಸಿದ್ಧವಿಲ್ಲದಿದ್ದರೆ ಕಂಪನಿಗೆ ಉಳಿಯುವ ದಾರಿ ಹಳೆಯ ನಾಟಕವನ್ನು ಮತ್ತೆ ಎತ್ತುವುದು. ಕಾರ್ಟ್ ಮಾಡಿದ್ದೂ ಅದನ್ನೇ: 1884ರ ಅಕ್ಟೋಬರಿನಲ್ಲಿ ‘ದಿ ಸಾರ್ಸರರ್’ ಮತ್ತು ‘ಟ್ರಯಲ್ ಬೈ ಜ್ಯೂರಿ’ಗಳನ್ನು ಮರಳಿ ರಂಗಕ್ಕೆ ತಂದು ಕಾಲ ತಳ್ಳಿದ.

ಚಿತ್ರದಲ್ಲಿ ಕಾರ್ಟ್ ತನ್ನ ಕಚೇರಿಯಲ್ಲಿ ನಟರನ್ನು ಕರೆಸಿ ಸಂಬಳದ ಮಾತಾಡುವ ದೃಶ್ಯಗಳಿವೆ. ರಾನ್ ಕುಕ್ ಮಾಡಿರುವ ಕಾರ್ಟ್ ದನಿ ಎತ್ತುವುದಿಲ್ಲ. ಒಬ್ಬ ನಟಿಯ ಕಾಲುನೋವಿನ ಬಗ್ಗೆ ಕಾಳಜಿಯಿಂದ ವಿಚಾರಿಸುತ್ತಾನೆ; ಆ ಕಾಳಜಿಯೊಳಗೇ ಅವಳು ಇಡೀ ಸೀಸನ್ ನಿಂತು ಹಾಡಬಲ್ಲಳೇ ಎಂಬ ಲೆಕ್ಕವೂ ಇದೆ. ಇನ್ನೊಬ್ಬಳ ಕುಡಿತದ ವಿಷಯವನ್ನು ಮೃದುವಾಗಿಯೇ ಎತ್ತುತ್ತಾನೆ. ಆ ಮೃದುತ್ವದಲ್ಲಿ ಎಚ್ಚರಿಕೆಯಿದೆ. ನಟರು ಸಂಬಳ ಏರಿಸಿ ಎನ್ನುವಾಗ ತಮ್ಮ ಜನಪ್ರಿಯತೆಯನ್ನು ಮುಂದಿಡುತ್ತಾರೆ, ಮಾಲೀಕ ಖರ್ಚನ್ನು ಮುಂದಿಡುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕಂಪನಿಯ ಒಳಗಿನ ಸಂಬಂಧ ಹೀಗೆ ಪ್ರೀತಿ ಮತ್ತು ವ್ಯಾಪಾರ ಎರಡನ್ನೂ ಒಟ್ಟಿಗೆ ಹೊತ್ತಿರುತ್ತದೆ ಎಂಬುದನ್ನು ಇಷ್ಟು ನಿಷ್ಪಕ್ಷಪಾತವಾಗಿ ತೋರಿಸಿದ ದೃಶ್ಯಗಳು ಅಪರೂಪ.

ಕರಾರಿನಲ್ಲಿದ್ದ ‘ಖರ್ಚು ಕಳೆದು’ ಎಂಬ ಷರತ್ತಿನಲ್ಲಿ ಮುಂದೆ ಬಿರುಕು ಕಾಣಿಸಿಕೊಂಡಿತು. 1890ರಲ್ಲಿ ಥಿಯೇಟರಿಗೆ ಹಾಸಿದ ಹೊಸ ರತ್ನಗಂಬಳಿಯ ಬೆಲೆಯನ್ನು ನಾಟಕದ ಖರ್ಚಿಗೆ ಸೇರಿಸಿದ್ದು ಸರಿಯೇ ಎಂದು ಗಿಲ್ಬರ್ಟ್ ಜಗಳ ತೆಗೆದ. ವಿಷಯ ನ್ಯಾಯಾಲಯಕ್ಕೂ ಹೋಯಿತು. ಅದು ಚಿತ್ರದ ಕಾಲದ ನಂತರದ ಮಾತು. ಆದರೆ ಪಾಲುದಾರಿಕೆಯಲ್ಲಿ ನಾಟಕ ನಡೆಸುವವರೆಲ್ಲ ಇದನ್ನು ನೆನಪಿಡುವುದು ಒಳ್ಳೆಯದು: ಯಾವುದು ಖರ್ಚು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಎಷ್ಟು ವರ್ಷದ ಸ್ನೇಹವೂ ಉಳಿಯುವುದಿಲ್ಲ.

ಕಥೆ ಸಿಗುವ ಮೊದಲಿನ ಜಗ್ಗಾಟ

1884ರ ಮಾರ್ಚಿನಲ್ಲಿ ಕಾರ್ಟ್ ಆರು ತಿಂಗಳ ನೋಟಿಸು ಕೊಟ್ಟ. ಗಿಲ್ಬರ್ಟ್ ಹೊಸ ಕಥೆ ತಂದ: ನುಂಗಿದವರು ತಾವು ನಟಿಸುತ್ತಿರುವುದೇ ನಿಜವಾಗಿಬಿಡುವಂಥ ಮಾಯಾ ಗುಳಿಗೆಯ ಕಥೆ. ಸಲಿವನ್ ಒಪ್ಪಲಿಲ್ಲ. ಹಿಂದಿನ ವರ್ಷವಷ್ಟೇ ಸರ್ ಪದವಿ ಪಡೆದಿದ್ದ ಅವನಿಗೆ ಗಂಭೀರ ಒಪೆರಾ ಬರೆಯುವ ಆಸೆ. ಮದ್ದು, ಮಾಯೆ, ತಲೆಕೆಳಗಾದ ಲೋಕದ ಕಥೆಗಳು ಸಾಕಾಗಿದ್ದವು. ‘ಟಾಪ್ಸಿ-ಟರ್ವಿ’ ಎಂದರೆ ತಲೆಕೆಳಗು. ಚಿತ್ರದಲ್ಲಿ ಪತ್ರಿಕೆಯೊಂದು ಗಿಲ್ಬರ್ಟ್‌ನನ್ನು ತಲೆಕೆಳಗು ಲೋಕದ ದೊರೆ ಎಂದು ಬರೆದದ್ದನ್ನು ಓದಿ ಅವನು ಕುದಿಯುತ್ತಾನೆ.

ಕಾರ್ಟ್‌ನ ಕಚೇರಿಯಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿದ ದೃಶ್ಯ ಇಲ್ಲಿ ಮುಖ್ಯ. ಯಾರೂ ಕೂಗಾಡುವುದಿಲ್ಲ. ಅತಿ ಸಭ್ಯವಾದ ಮಾತಿನಲ್ಲೇ ಒಬ್ಬರನ್ನೊಬ್ಬರು ಗಾಯಗೊಳಿಸುತ್ತಾರೆ. ಸಾಹಿತ್ಯ ಬರೆದವನಿಗೆ ತನ್ನ ಮಾತು ಸಂಗೀತದಲ್ಲಿ ಮುಳುಗಬಾರದೆಂಬ ಹಟ. ಸಂಗೀತಗಾರನಿಗೆ ತನ್ನ ರಾಗ ಮಾತಿನ ಚಾಕರಿ ಮಾಡಬೇಕಾಗಿದೆಯೆಂಬ ಸಂಕಟ. ಗೀತನಾಟಕ ಕಟ್ಟುವ ಎಲ್ಲ ಜೋಡಿಗಳೂ ಒಂದಲ್ಲ ಒಂದು ದಿನ ಎದುರಿಸುವ ಪ್ರಶ್ನೆ ಇದು. ಜಿಮ್ ಬ್ರಾಡ್‌ಬೆಂಟ್ ಗಿಲ್ಬರ್ಟ್‌ನಾಗಿ, ಆಲನ್ ಕಾರ್ಡ್ಯೂನರ್ ಸಲಿವನ್‌ನಾಗಿ ಆ ಬಿಗುವನ್ನು ಹುಬ್ಬು, ತುಟಿ, ಕುರ್ಚಿಯಲ್ಲಿ ಕೂರುವ ಭಂಗಿಗಳಲ್ಲೇ ಹಿಡಿದಿಟ್ಟಿದ್ದಾರೆ. ಬ್ರಾಡ್‌ಬೆಂಟ್ ಅವರಿಗೆ ಈ ಪಾತ್ರಕ್ಕಾಗಿ 1999ರ ವೆನಿಸ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು.

ಬಿಕ್ಕಟ್ಟು ಬಿಡಿಸಿದ್ದು ಜಪಾನ್. ಲಂಡನ್ನಿನ ನೈಟ್ಸ್‌ಬ್ರಿಜ್ ಬಡಾವಣೆಯಲ್ಲಿ ಜಪಾನಿ ಹಳ್ಳಿಯೊಂದರ ಪ್ರದರ್ಶನ ಏರ್ಪಟ್ಟಿತ್ತು. ಜಪಾನಿನಿಂದ ಬಂದ ಕುಶಲಕರ್ಮಿಗಳು, ನೃತ್ಯಗಾರರು ಅಲ್ಲಿದ್ದರು. ಚಿತ್ರದಲ್ಲಿ ಗಿಲ್ಬರ್ಟ್‌ನನ್ನು ಹೆಂಡತಿ ಲೂಸಿ ಅಲ್ಲಿಗೆ ಎಳೆದೊಯ್ಯುತ್ತಾಳೆ. ಅವನು ಅಲ್ಲಿ ಕೊಂಡ ಕತ್ತಿ ಮುಂದೊಂದು ದಿನ ಮನೆಯ ಗೋಡೆಯಿಂದ ಕಳಚಿ ಬೀಳುತ್ತದೆ, ಆ ಗಳಿಗೆಯಲ್ಲಿ ಕಥೆ ಹೊಳೆಯುತ್ತದೆ. ಮಾಯಾ ಗುಳಿಗೆಯಿಲ್ಲದ ಕಥೆ ಸಿಕ್ಕ ಕೂಡಲೇ ಸಲಿವನ್ ಒಪ್ಪುತ್ತಾನೆ. ಇಲ್ಲಿಂದ ಮುಂದೆ ಚಿತ್ರ ಪೂರ್ತಿಯಾಗಿ ತಾಲೀಮಿನದು.

ತಾಲೀಮು: ನಗುವನ್ನು ಅಳೆದು ಕತ್ತರಿಸುವ ಕೆಲಸ

ಸವಾಯ್‌ನಲ್ಲಿ ಹೊಸ ನಾಟಕ ಕೈಗೆತ್ತಿಕೊಂಡರೆ ಒಂದು ಕ್ರಮವಿತ್ತು. ಮೊದಲು ಗಿಲ್ಬರ್ಟ್ ಇಡೀ ಸಾಹಿತ್ಯವನ್ನು ಕಂಪನಿಗೆ ಓದಿ ಹೇಳುತ್ತಿದ್ದ. ಆಮೇಲೆ ಹಾಡುಗಾರಿಕೆಯ ಅಭ್ಯಾಸ. ಹಾಡು ಬಾಯಿಗೆ ಬಂದ ಮೇಲೆ ರಂಗದ ಮೇಲಿನ ಚಲನೆ. ಅದು ಕೂಡಿಬಂದ ಮೇಲೆ ವಾದ್ಯಮೇಳದೊಂದಿಗೆ ಅಭ್ಯಾಸ. ಕೊನೆಗೆ ಉಡುಪು ತೊಟ್ಟು ಪೂರ್ಣ ತಾಲೀಮು.

ರಂಗಚಲನೆಯನ್ನು ಗಿಲ್ಬರ್ಟ್ ಮನೆಯಲ್ಲೇ ಲೆಕ್ಕ ಹಾಕಿಟ್ಟುಕೊಂಡು ಬರುತ್ತಿದ್ದ. ಅವನ ಬಳಿ ರಂಗಮಂಚದ ಚಿಕ್ಕ ಮಾದರಿಯಿತ್ತು. ಅದರ ಮೇಲೆ ಮರದ ಪುಟ್ಟ ತುಂಡುಗಳನ್ನು ನಟರೆಂದು ಇಟ್ಟು, ಗಂಡಸರಿಗೆ 3 ಅಂಗುಲದವು, ಹೆಂಗಸರಿಗೆ ಎರಡೂವರೆ ಅಂಗುಲದವು, ಯಾರು ಯಾವಾಗ ಎಲ್ಲಿರಬೇಕೆಂದು ಜೋಡಿಸಿ ನೋಡುತ್ತಿದ್ದ. ತಾಲೀಮಿಗೆ ಬರುವ ಹೊತ್ತಿಗೆ ಹಾಡುಮೇಳದ ಕೊನೆಯ ಸಾಲಿನವರ ಹೆಜ್ಜೆಯೂ ತೀರ್ಮಾನವಾಗಿರುತ್ತಿತ್ತು. ಆ ಕಾಲದ ಹಾಸ್ಯನಟರು ಮನಸ್ಸಿಗೆ ಬಂದ ಚೇಷ್ಟೆ ಸೇರಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ಗಿಲ್ಬರ್ಟ್ ಅದಕ್ಕೆ ಅವಕಾಶ ಕೊಡಲಿಲ್ಲ. ಪಾತ್ರ ತನ್ನ ಮಾತನ್ನು ಪ್ರಾಣ ಹೋಗುವ ವಿಷಯವೆಂಬಂತೆ ಗಂಭೀರವಾಗಿ ಹೇಳಬೇಕು, ನಗುವುದು ಪ್ರೇಕ್ಷಕರ ಕೆಲಸ ಎನ್ನುವುದು ಅವನ ನಿಯಮ.

ಆ ನಿಯಮ ಕೆಲಸ ಮಾಡುವ ಬಗೆಯನ್ನು ಚಿತ್ರದ ಒಂದು ಉದ್ದನೆಯ ದೃಶ್ಯ ತೋರಿಸುತ್ತದೆ. ನಾಲ್ಕಾರು ನಟರು ನಿತ್ಯದ ಬಟ್ಟೆಯಲ್ಲಿ, ಕೈಯಲ್ಲಿ ಹಸ್ತಪ್ರತಿ ಹಿಡಿದು ನಿಂತಿದ್ದಾರೆ. ಒಂದು ಪುಟ್ಟ ಸನ್ನಿವೇಶವನ್ನು ಮತ್ತೆ ಮತ್ತೆ ಹೇಳಿಸುತ್ತಾನೆ ಗಿಲ್ಬರ್ಟ್. ಒಂದು ಪದದ ಒತ್ತು ತಪ್ಪಿದರೆ ತಡೆಯುತ್ತಾನೆ. ಬೇಡದ ಕೈಸನ್ನೆ ಬಂದರೆ ತಡೆಯುತ್ತಾನೆ. ತಡೆದಾಗ ಬೈಯುವುದಿಲ್ಲ, ಕಾರಣ ಹೇಳುತ್ತಾನೆ. ನಟನ ಮುಖದಲ್ಲಿ ಮೊದಲು ಅಸಮಾಧಾನ, ಆಮೇಲೆ ಅರಿವು. ಅದೇ ಮಾತನ್ನು ಅವರು ಮರಳಿ ಹೇಳಿದಾಗ ಮೊದಲು ನಗು ತರದ ಸಾಲು ನಮ್ಮಲ್ಲಿ ನಗು ತರುತ್ತದೆ. ಏನು ಬದಲಾಯಿತೆಂದು ನಮ್ಮ ಕಣ್ಣೆದುರೇ ಕಂಡಿರುತ್ತದೆ: ಒಂದು ಉಸಿರಿನ ವಿರಾಮ, ಒಂದು ಪದದ ತೂಕ. ಹವ್ಯಾಸಿ ತಂಡ ನಡೆಸುವವರು ಈ ಒಂದು ದೃಶ್ಯವನ್ನೇ ಎರಡು ಮೂರು ಸಲ ಹಾಕಿ ನೋಡಿದರೂ ಸಾರ್ಥಕ.

ಸಲಿವನ್‌ನ ತಾಲೀಮಿನ ರೀತಿ ಬೇರೆ. ವಾದ್ಯಮೇಳದವರ ಮುಂದೆ ಅವನು ಲಘುವಾಗಿ, ಸ್ನೇಹದಿಂದ ಮಾತಾಡುತ್ತಾನೆ. ತಪ್ಪನ್ನು ತೋರಿಸುವುದು ಮಾತ್ರ ಗಿಲ್ಬರ್ಟ್‌ನಷ್ಟೇ ಕರಾರುವಾಕ್ಕಾಗಿ. ಕೋಣೆಗಳು ಬೇರೆ, ಸ್ವಭಾವ ಬೇರೆ. ಹುಡುಕುತ್ತಿರುವುದು ಇಬ್ಬರೂ ಒಂದನ್ನೇ: ಪದ ಸ್ಪಷ್ಟವಾಗಿ ಕಿವಿಗೆ ಬೀಳಬೇಕು. ಕಚೇರಿಯಲ್ಲಿ ಕೂಡಿಬಾರದ ಈ ಜೋಡಿ ಕೆಲಸದಲ್ಲಿ ಕೂಡಿಬಿಡುತ್ತದೆ.

ಮೂವರು ಶಾಲಾ ಹುಡುಗಿಯರ ಹಾಡಿನ ತಾಲೀಮು ಇನ್ನೊಂದು ಮಾದರಿ. ನೃತ್ಯ ನಿರ್ದೇಶಕ ಜಾನ್ ಡಿಆಬನ್ ರಂಗಕ್ಕೆ ಒಗ್ಗಿದ ಹೆಜ್ಜೆಗಳನ್ನು ಕಲಿಸಲು ನಿಂತಿದ್ದಾನೆ. ಗಿಲ್ಬರ್ಟ್ ಪ್ರದರ್ಶನದ ಹಳ್ಳಿಯಿಂದ ಜಪಾನಿ ಹೆಂಗಸರನ್ನು ಕರೆತಂದು, ಅವರು ನಡೆಯುವ, ಬೀಸಣಿಗೆ ಹಿಡಿಯುವ, ನಗುವಾಗ ಮುಖ ಮರೆಸಿಕೊಳ್ಳುವ ರೀತಿ ನೋಡಿ ಕಲಿಯಲು ನಟಿಯರಿಗೆ ಹೇಳುತ್ತಾನೆ. ಭಾಷೆ ಬಾರದ ಆ ಹೆಂಗಸರಿಗೆ ಇದೆಲ್ಲ ಯಾಕೆಂದು ಅರ್ಥವಾಗುವುದಿಲ್ಲ. ನೃತ್ಯ ನಿರ್ದೇಶಕನಿಗೆ ತನ್ನ ಕೆಲಸ ಕೈಜಾರಿದ ಕಸಿವಿಸಿ. ಪ್ರದರ್ಶನದ ಹಳ್ಳಿಯ ಜಪಾನಿಗಳಿಂದ ನಟಿಯರಿಗೆ ನಡಿಗೆ ಮತ್ತು ಬೀಸಣಿಗೆಯ ಪಾಠ ಹೇಳಿಸಿದ್ದು ಇತಿಹಾಸದಲ್ಲೂ ನಡೆದದ್ದೇ.

ಉಡುಪು, ಬಣ್ಣ, ಬೆಳಕು

ಉಡುಪಿನ ಅಳತೆ ನೋಡುವ ದೃಶ್ಯಗಳು ಚಿತ್ರದ ಅತ್ಯಂತ ತಮಾಷೆಯ ಭಾಗ. ನಾಯಕನಟ ಲೀಲಿಗೆ ಕಿಮೊನೊದೊಳಗೆ ಕಾರ್ಸೆಟ್ ತೊಡಬಾರದು ಎಂದಾಗ ಅವನು ಬೆಚ್ಚಿಬೀಳುತ್ತಾನೆ. ಸೊಂಟ ಬಿಗಿಯುವ ಆ ಒಳಉಡುಪಿಲ್ಲದೆ ತಾನು ರಂಗಕ್ಕೆ ಇಳಿದವನೇ ಅಲ್ಲ, ಉಸಿರೂ ಹಾಡೂ ಅದರ ಆಸರೆಯಲ್ಲೇ ನಿಂತಿವೆ ಎನ್ನುವುದು ಅವನ ವಾದ. ಗಿಲ್ಬರ್ಟ್‌ಗೆ ಬೇಕಾದದ್ದು ಜಪಾನಿ ಚಿತ್ರಗಳಲ್ಲಿ ಕಾಣುವ ಸಡಿಲ ನೆರಿಗೆ. ಇಲ್ಲಿ ಉಡುಪು ಬದಲಾದರೆ ನಟನ ನಿಲುವು ಬದಲಾಗುತ್ತದೆ, ನಿಲುವು ಬದಲಾದರೆ ಅವನಿಗೆ ತನ್ನ ಬಗ್ಗೆ ಇರುವ ಭರವಸೆಯೇ ಅಲುಗಾಡುತ್ತದೆ. ಲೀ ಆ ಹೆದರಿಕೆಯನ್ನು ಕೀಳಾಗಿ ಕಾಣುವುದಿಲ್ಲ.

ಚಿತ್ರಕ್ಕೆ ಸಿಕ್ಕ ಎರಡೂ ಆಸ್ಕರ್‌ಗಳು ಈ ವಿಭಾಗಗಳವೇ: ವಸ್ತ್ರವಿನ್ಯಾಸಕ್ಕೆ ಲಿಂಡಿ ಹೆಮ್ಮಿಂಗ್, ಮೇಕಪ್‌ಗೆ ಕ್ರಿಸ್ಟೀನ್ ಬ್ಲಂಡೆಲ್ ಮತ್ತು ಟ್ರೆಫರ್ ಪ್ರೌಡ್. ಇವರ ಕೆಲಸ ಇಮ್ಮಡಿ ಕಷ್ಟದ್ದು. 1885ರ ಜನರ ದಿನನಿತ್ಯದ ಬಟ್ಟೆ ಒಂದು ಪದರ. 1885ರ ಬ್ರಿಟಿಷರು ಜಪಾನಿಗಳೆಂದು ಊಹಿಸಿಕೊಂಡು ತೊಟ್ಟ ಬಟ್ಟೆ ಇನ್ನೊಂದು. ಎರಡೂ ಆ ಕಾಲದ್ದೇ ಎನಿಸಬೇಕು, ಆದರೆ ಎರಡನೆಯದು ವೇಷವೆಂದೂ ಗೊತ್ತಾಗಬೇಕು.

ಬೆಳಕಿನ ವಿಷಯದಲ್ಲಿ ಸವಾಯ್ ಚರಿತ್ರೆ ಬರೆದ ಮಂದಿರ. 1881ರ ಅಕ್ಟೋಬರ್ 10ರಂದು ಬಾಗಿಲು ತೆರೆದ ಇದು ಪೂರ್ತಿಯಾಗಿ ವಿದ್ಯುತ್ ದೀಪಗಳಿಂದ ಬೆಳಗಿದ ಜಗತ್ತಿನ ಮೊದಲ ಸಾರ್ವಜನಿಕ ಕಟ್ಟಡ ಎಂದು ಹೆಸರಾಯಿತು. ಜೋಸೆಫ್ ಸ್ವಾನ್ ರೂಪಿಸಿದ ಸುಮಾರು 1,200 ದೀಪಗಳು. ವಿದ್ಯುತ್ತಿಗೆ ಪಕ್ಕದ ಬಯಲಿನಲ್ಲಿ ಉಗಿಯಂತ್ರದಿಂದ ಓಡುವ ಜನರೇಟರ್. ಅದಕ್ಕೂ ಮೊದಲು ಥಿಯೇಟರುಗಳಲ್ಲಿ ಇದ್ದದ್ದು ಗ್ಯಾಸ್ ದೀಪ. ಅದು ಗಾಳಿ ಕೆಡಿಸುತ್ತಿತ್ತು, ಸೆಕೆ ಹೆಚ್ಚಿಸುತ್ತಿತ್ತು, ಬೆಂಕಿಯ ಭಯ ಬೇರೆ. ಹೊಸ ದೀಪ ಅಪಾಯವಿಲ್ಲದ್ದೆಂದು ನಂಬಿಸಲು ಕಾರ್ಟ್ ರಂಗದ ಮೇಲೆ ಬಂದು, ಉರಿಯುವ ದೀಪವೊಂದನ್ನು ಮಸ್ಲಿನ್ ಬಟ್ಟೆಯಲ್ಲಿ ಸುತ್ತಿ ಒಡೆದು ತೋರಿಸಿದ. ಬಟ್ಟೆಗೆ ಬೆಂಕಿ ಹತ್ತಲಿಲ್ಲ. ಪ್ರದರ್ಶನದ ಕರಪತ್ರಕ್ಕೆ ದುಡ್ಡು ಕೇಳಬಾರದು, ಕೋಟು ಕಾಯುವವರಿಗೆ ಭಕ್ಷೀಸು ಕೊಡಬೇಕಿಲ್ಲ ಎಂಬ ನಿಯಮಗಳನ್ನೂ ಅವನು ತಂದ. ನಾಟಕಕ್ಕೆ ಬರಲು ಹಿಂಜರಿಯುತ್ತಿದ್ದ ಮಧ್ಯಮವರ್ಗದ ಸಂಸಾರಗಳು ನೆಮ್ಮದಿಯಿಂದ ಬರುವಂತಾಗಲಿ ಎಂಬುದೇ ಇದರ ಉದ್ದೇಶ.

ಬಣ್ಣ ಕಳಚಿದ ಮೇಲೆ

ನಗಿಸುವವರ ಮೈ ಎಷ್ಟು ದಣಿದಿರುತ್ತದೆ ಎಂಬುದನ್ನು ಚಿತ್ರ ಮರೆಮಾಚುವುದಿಲ್ಲ. ಮೂತ್ರಪಿಂಡದ ನೋವಿನಲ್ಲಿ ಹಾಸಿಗೆ ಹಿಡಿದ ಸಲಿವನ್ ಚುಚ್ಚುಮದ್ದು ಮತ್ತು ಗಟ್ಟಿ ಕಾಫಿಯ ಬಲದಿಂದ ಎದ್ದು ‘ಪ್ರಿನ್ಸೆಸ್ ಐಡಾ’ದ ಮೊದಲ ರಾತ್ರಿ ವಾದ್ಯಮೇಳ ನಡೆಸುತ್ತಾನೆ. ಇದು ಇತಿಹಾಸದಲ್ಲಿ ನಡೆದದ್ದು; ಪ್ರದರ್ಶನ ಮುಗಿದ ಮೇಲೆ ಅವನು ಕುಸಿದುಬಿದ್ದ. ಹಾಸ್ಯನಟ ಗ್ರಾಸ್‌ಮಿತ್ ರಂಗಕ್ಕೆ ಹೋಗುವ ಮುನ್ನ ಮಾದಕ ಚುಚ್ಚುಮದ್ದು ತೆಗೆದುಕೊಳ್ಳುವುದನ್ನು ಚಿತ್ರ ತೋರಿಸುತ್ತದೆ. ಜೆಸ್ಸಿ ಬಾಂಡ್ ಹುಣ್ಣಾದ ಕಾಲಿಗೆ ಪಟ್ಟಿ ಕಟ್ಟಿಕೊಳ್ಳುತ್ತಾಳೆ. ಚಿಕ್ಕ ಮಗನನ್ನು ಒಬ್ಬಳೇ ಸಾಕುತ್ತಿರುವ ಲಿಯೊನೋರಾ ಗ್ರೀನ್‌ರೂಮಿನಲ್ಲಿ ಗ್ಲಾಸು ಕೈಗೆತ್ತಿಕೊಳ್ಳುತ್ತಾಳೆ. ಮಗುವಿದೆ ಎಂದು ತಿಳಿದ ಕೂಡಲೇ ಹಿಂದೆ ಸರಿಯುವ ಗಂಡಸರ ಬಗ್ಗೆ ಗೆಳತಿಯೊಡನೆ ಮಾತಾಡುತ್ತಾಳೆ.

ಇದೇ ಜನ ಕೆಲವೇ ನಿಮಿಷಗಳಲ್ಲಿ ಬೆಳಕಿಗೆ ಬಂದು ಹಕ್ಕಿಗಳಂತೆ ಹಾಡುತ್ತಾರೆ. ಲೀ ಆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸುತ್ತಾರೆ, ವ್ಯಾಖ್ಯಾನ ಮಾಡುವುದಿಲ್ಲ.

ಕಿತ್ತ ಹಾಡು ಮರಳಿ ಬಂದ ಕಥೆ

ಉಡುಪು ತೊಟ್ಟು ನಡೆದ ಪೂರ್ಣ ತಾಲೀಮಿನ ಬಳಿಕ ಗಿಲ್ಬರ್ಟ್ ಒಂದು ತೀರ್ಮಾನ ಹೇಳುತ್ತಾನೆ: ಎರಡನೆಯ ಅಂಕದಲ್ಲಿ ಮಿಕಾಡೊ ಚಕ್ರವರ್ತಿ ಹಾಡುವ ಹಾಡನ್ನು ತೆಗೆದುಹಾಕಬೇಕು. ಮಿಕಾಡೊ ಪಾತ್ರ ಮಾಡುತ್ತಿದ್ದವನು ಟೆಂಪಲ್. ಅವನ ಪಾಲಿಗಿದ್ದ ಒಂಟಿ ಹಾಡು ಅದೊಂದೇ. ಟಿಮೊತಿ ಸ್ಪಾಲ್ ಈ ಗಳಿಗೆಯನ್ನು ನಟಿಸಿರುವ ರೀತಿ ನೋಡಬೇಕು. ಎಲ್ಲರೆದುರು ಸುದ್ದಿ ಕೇಳಿ ಅವನು ವಾದಿಸುವುದಿಲ್ಲ. ಶಿಸ್ತಿನ ಕಂಪನಿಯಲ್ಲಿ ವಾದಕ್ಕೆ ಜಾಗವಿಲ್ಲವೆಂದು ಅವನಿಗೆ ಗೊತ್ತು. ಮುಖದ ಬಣ್ಣದ ಕೆಳಗೆ ಒಂದು ಸ್ನಾಯು ಮಾತ್ರ ಅಲುಗುತ್ತದೆ.

ಮುಂದೆ ನಡೆಯುವುದು ಸವಾಯ್‌ನಲ್ಲಿ ಎಂದೂ ನಡೆಯದ ಸಂಗತಿ. ಹಾಡುಮೇಳದವರು, ಕಂಪನಿಯಲ್ಲಿ ಅತಿ ಕಡಿಮೆ ಸಂಬಳ ಪಡೆಯುವವರು, ಒಟ್ಟಾಗಿ ಗಿಲ್ಬರ್ಟ್‌ನ ದಾರಿಗೆ ಅಡ್ಡ ನಿಲ್ಲುತ್ತಾರೆ. ಅವರಲ್ಲಿ ನಾಯಕನಿಲ್ಲ. ಒಬ್ಬ ಮಾತು ಶುರುಮಾಡಿ ತೊದಲುತ್ತಾನೆ, ಇನ್ನೊಬ್ಬಳು ಕೈಜೋಡಿಸುತ್ತಾಳೆ. ಹಾಡು ಚೆನ್ನಾಗಿದೆ, ತೆಗೆಯಬೇಡಿ ಎಂಬುದಷ್ಟೇ ಅವರ ಕೋರಿಕೆ. ತಮಗಾಗಿ ಏನನ್ನೂ ಕೇಳುತ್ತಿಲ್ಲ. ತಡಬಡಾಯಿಸಿದ ಗಿಲ್ಬರ್ಟ್ ಒಪ್ಪಿಕೊಳ್ಳುತ್ತಾನೆ.

ಇದೂ ನಡೆದ ಘಟನೆಯೇ. ಮೇಳದವರ ಕೋರಿಕೆಯಿಂದ ಉಳಿದ ಆ ಹಾಡು ‘ಮಿಕಾಡೊ’ದ ಅತಿ ಪ್ರಸಿದ್ಧ ಹಾಡುಗಳಲ್ಲಿ ಒಂದಾಯಿತು. ಮರದ ಪುಟ್ಟ ತುಂಡುಗಳಿಂದ ಎಲ್ಲವನ್ನೂ ಮುಂಚೆಯೇ ಗೊತ್ತುಮಾಡುತ್ತಿದ್ದವನು ಕಾಣದ್ದನ್ನು, ಪ್ರತಿದಿನ ಹಿಂದಿನ ಸಾಲಿನಲ್ಲಿ ನಿಂತು ಕೇಳಿಸಿಕೊಂಡವರು ಕಂಡಿದ್ದರು.

ಮೊದಲ ರಾತ್ರಿ ಮತ್ತು ಆಮೇಲೆ

1885ರ ಮಾರ್ಚ್ 14. ನಾಟಕ ಆಡುವ ಹೊತ್ತಿನಲ್ಲಿ ಗಿಲ್ಬರ್ಟ್‌ಗೆ ಥಿಯೇಟರಿನಲ್ಲಿ ಕೂರುವ ಧೈರ್ಯವಿರಲಿಲ್ಲ. ಬೀದಿ ಬೀದಿ ಅಲೆದು, ಕೊನೆಯಲ್ಲಿ ಪ್ರೇಕ್ಷಕರಿಗೆ ವಂದಿಸಲು ಮರಳಿ ಬರುತ್ತಿದ್ದ. ಚಿತ್ರವೂ ಅವನನ್ನು ಕತ್ತಲ ಓಣಿಗೆ ಕಳಿಸುತ್ತದೆ. ಒಳಗೆ ಮೂವರು ಹುಡುಗಿಯರ ಹಾಡಿಗೆ ಒನ್ಸ್‌ಮೋರ್ ಮೇಲೆ ಒನ್ಸ್‌ಮೋರ್. ‘ಮಿಕಾಡೊ’ ಆ ಓಟದಲ್ಲಿ 672 ಪ್ರದರ್ಶನ ಕಂಡಿತು.

ಯಶಸ್ಸಿನ ಜೊತೆಗೇ ಕದಿಯುವವರೂ ಬಂದರು. ಬ್ರಿಟಿಷ್ ನಾಟಕಗಳಿಗೆ ಅಮೆರಿಕದಲ್ಲಿ ಕೃತಿಸ್ವಾಮ್ಯದ ರಕ್ಷಣೆ ಇರಲಿಲ್ಲ. ಕಾರ್ಟ್ ಒಂದು ತಂಡವನ್ನು ಸುಳ್ಳು ಹೆಸರಿನಲ್ಲಿ ಗುಟ್ಟಾಗಿ ಹಡಗು ಹತ್ತಿಸಿ, 1885ರ ಆಗಸ್ಟಿನಲ್ಲಿ ನ್ಯೂಯಾರ್ಕಿನಲ್ಲಿ ಅಧಿಕೃತ ಪ್ರದರ್ಶನ ಶುರುಮಾಡಿಸಿದ. ಈ ಒಪೆರಾಗಳ ಲಾಭದಿಂದಲೇ ಥಿಯೇಟರಿನ ಪಕ್ಕದಲ್ಲಿ 1889ರಲ್ಲಿ ಸವಾಯ್ ಹೋಟೆಲ್ ಎದ್ದಿತು. ಅದು ಇಂದಿಗೂ ಇದೆ.

ಮೈಕ್ ಲೀ ಕಟ್ಟಿದ ರೀತಿ

ಲೀ ಅವರ ಚಿತ್ರಗಳು ಸಿದ್ಧ ಚಿತ್ರಕಥೆಯಿಂದ ಶುರುವಾಗುವುದಿಲ್ಲ. ನಟರು ತಿಂಗಳುಗಟ್ಟಲೆ ತಮ್ಮ ಪಾತ್ರದ ಹಿನ್ನೆಲೆ ಹುಡುಕುತ್ತಾರೆ, ಪಾತ್ರವಾಗಿಯೇ ಪರಸ್ಪರ ಮಾತಾಡಿ ನೋಡುತ್ತಾರೆ. ಅದರಿಂದ ಹೊರಟ ಮಾತುಗಳನ್ನು ಲೀ ಸೋಸಿ ಗಟ್ಟಿಮಾಡುತ್ತಾರೆ. ಅಲ್ಲಿಯವರೆಗೆ ಬಹುಪಾಲು ಇಂದಿನ ಇಂಗ್ಲೆಂಡಿನ ಸಾಮಾನ್ಯರ ಕಥೆ ಹೇಳಿದ್ದ ಅವರು ಅದೇ ಪದ್ಧತಿಯನ್ನು ನೂರು ವರ್ಷ ಹಿಂದಿನ ಕಾಲಕ್ಕೆ ಹೊಂದಿಸಿದರು. ನಟರು ಆ ಕಾಲದ ಪತ್ರ, ದಿನಚರಿ, ಪತ್ರಿಕೆಗಳನ್ನು ಓದಿದರು, ಮಾತಿನ ಧಾಟಿ ಕಲಿತರು. ಹಾಡುಗಳನ್ನು ತಮ್ಮ ಕಂಠದಲ್ಲೇ ಹಾಡಿದರು.

ಹೊರಾಂಗಣ ದೃಶ್ಯಗಳು ಚಿತ್ರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಳೆಯ ಲಂಡನ್ನಿನ ಬೀದಿ, ಕುದುರೆಗಾಡಿ ಕಟ್ಟಿ ನಿಲ್ಲಿಸುವ ಖರ್ಚು ಇದರಿಂದ ಉಳಿಯಿತು. ಥಿಯೇಟರಿನ ಒಳಗಿನ ದೃಶ್ಯಗಳಿಗೆ ಲಂಡನ್ನಿನ ರಿಚ್ಮಂಡ್ ಥಿಯೇಟರ್ ಸವಾಯ್‌ನ ವೇಷ ತೊಟ್ಟಿತು. ಇದರಿಂದ ಆದ ಲಾಭ ಹಣದ್ದಷ್ಟೇ ಅಲ್ಲ. ಕೋಣೆ, ಓಣಿ, ಮೆಟ್ಟಿಲು, ರಂಗ, ಮತ್ತೆ ಕೋಣೆ ಎಂಬ ಸುತ್ತಿನಲ್ಲಿ ಬದುಕುವ ಕಂಪನಿಯ ಜನರ ಲೋಕ ಎಷ್ಟು ಕಿರಿದು, ಎಷ್ಟು ಬೆಚ್ಚಗೆ ಎಂಬುದು ನೋಡುವವರ ಅನುಭವಕ್ಕೆ ಬರುತ್ತದೆ.

ಎಲ್ಲವೂ ನಡೆದಂತೆಯೇ ಇದೆ ಎಂದುಕೊಳ್ಳಬೇಕಿಲ್ಲ. ನೈಟ್ಸ್‌ಬ್ರಿಜ್‌ನ ಪ್ರದರ್ಶನ ತೆರೆದದ್ದು 1885ರ ಜನವರಿ 10ರಂದು; ಗಿಲ್ಬರ್ಟ್ ಆ ವೇಳೆಗೆ ‘ಮಿಕಾಡೊ’ ಬರೆಯುತ್ತಿದ್ದ. ಅಂದರೆ ಕಥೆ ಹುಟ್ಟಿದ್ದು ಪ್ರದರ್ಶನದಿಂದ ಅಲ್ಲ, ಬೆಳೆದ ಕಥೆಗೆ ಪ್ರದರ್ಶನ ಆಸರೆಯಾಯಿತು. ಆಗಿನ ಲಂಡನ್ನಿನಲ್ಲಿ ಜಪಾನಿ ವಸ್ತುಗಳ ಹುಚ್ಚು ಮೊದಲೇ ಹಬ್ಬಿತ್ತು.

ಬದಿಗೊತ್ತಲಾಗದ ಪ್ರಶ್ನೆ

‘ಮಿಕಾಡೊ’ದ ಜಪಾನ್ ಊಹೆಯ ಜಪಾನ್. ಗಿಲ್ಬರ್ಟ್ ಹಾಸ್ಯ ಮಾಡಿದ್ದು ಬ್ರಿಟಿಷ್ ಅಧಿಕಾರಿಗಳನ್ನು. ಊರಿನ ಹುದ್ದೆಗಳನ್ನೆಲ್ಲ ಒಬ್ಬನೇ ಹಿಡಿದು ಎಲ್ಲದರಿಂದಲೂ ಲಂಚ ಹೊಡೆಯುವ ಪೂ-ಬಾ ಎಂಬ ಪಾತ್ರ ನಮಗೂ ಅಪರಿಚಿತವಲ್ಲ. ಆದರೆ ಬಿಳಿಯ ನಟರು ಮುಖಕ್ಕೆ ಬಣ್ಣ ಬಳಿದು ಏಷ್ಯಾದವರಂತೆ ಆಡುವುದು, ಹೆಸರುಗಳನ್ನೇ ತಮಾಷೆ ಮಾಡುವುದು ಇಂದು ನೋವು ಕೊಡುತ್ತದೆ. 1907ರಲ್ಲಿ ಜಪಾನಿನ ರಾಜಕುಮಾರ ಭೇಟಿ ಕೊಟ್ಟಾಗ ಬ್ರಿಟನ್ನಿನಲ್ಲೇ ಈ ನಾಟಕಕ್ಕೆ ಕೆಲವು ವಾರ ನಿಷೇಧ ಹೇರಲಾಯಿತು. 2015ರಲ್ಲಿ ನ್ಯೂಯಾರ್ಕಿನ ತಂಡವೊಂದು ಏಷ್ಯನ್ ಅಮೆರಿಕನ್ನರ ಆಕ್ಷೇಪದ ಬಳಿಕ ತನ್ನ ಪ್ರಯೋಗ ಕೈಬಿಟ್ಟಿತು. ತಾಲೀಮಿನ ಕೋಣೆಯಲ್ಲಿ ದಿಕ್ಕುತೋಚದೆ ನಿಂತ ಜಪಾನಿ ಹೆಂಗಸರ ಮುಖವನ್ನು ಚಿತ್ರ ಹತ್ತಿರದಿಂದ ತೋರಿಸುವುದರಿಂದ ಈ ಪ್ರಶ್ನೆ ನೋಡುಗರ ಮನಸ್ಸಿಗೂ ಬರುತ್ತದೆ. ಅದನ್ನು ಬದಿಗಿಟ್ಟು ಚಿತ್ರ ನೋಡಬೇಕಿಲ್ಲ.

ನೋಡುವಾಗ ಎಲ್ಲಿ ಕಣ್ಣಿಡಬೇಕು

ಗಿಲ್ಬರ್ಟ್–ಸಲಿವನ್ ಒಪೆರಾ ಕೇಳಿ ಅಭ್ಯಾಸವಿಲ್ಲದವರಿಗೆ ಮೊದಲ ಅರ್ಧ ಗಂಟೆ ನಿಧಾನ ಎನಿಸಬಹುದು. ಕಥೆ ಎಲ್ಲಿ ಎಂದು ಹುಡುಕದೆ ಯಾರು ಯಾವ ಕೆಲಸ ಮಾಡುತ್ತಿದ್ದಾರೆ ಎಂದು ನೋಡುತ್ತಾ ಹೋದರೆ ಚಿತ್ರ ತಾನಾಗಿ ತೆರೆದುಕೊಳ್ಳುತ್ತದೆ. ತಾಲೀಮಿನಲ್ಲಿ ಕಂಡ ಒಂದು ಹೆಜ್ಜೆ, ಒಂದು ಬೀಸಣಿಗೆಯ ಬೀಸು, ಪ್ರದರ್ಶನದಲ್ಲಿ ಮತ್ತೆ ಬಂದಾಗ ಅದರ ಹಿಂದಿನ ಬೆವರು ನಮಗೆ ಗೊತ್ತಿರುತ್ತದೆ. ಹಾಗಾಗಿ ನಾವು ನಗುವ ನಗು ಸವಾಯ್‌ನ ಪ್ರೇಕ್ಷಕರ ನಗುವಿಗಿಂತ ಆಳದ್ದಾಗುತ್ತದೆ.

ನಾಟಕ ತಂಡ ನಡೆಸುವವರಿಗೆ, ಶಾಲೆಯಲ್ಲಿ ನಾಟಕ ಆಡಿಸುವ ಮೇಷ್ಟ್ರುಗಳಿಗೆ ಈ ಚಿತ್ರ ಕೊಡುವ ಪಾಠ ಮೂರು. ದುಡ್ಡಿನ ಮಾತನ್ನು ಸ್ನೇಹದ ಮೇಲೆ ಬಿಡದೆ ಬರೆದಿಡಿ. ಹಾಸ್ಯವನ್ನು ನಟನ ಮೂಡಿಗೆ ಬಿಡದೆ ಒಂದೊಂದು ಪದವಾಗಿ ತಿದ್ದಿ. ಅಷ್ಟೆಲ್ಲ ಶಿಸ್ತು ಕಟ್ಟಿದ ಮೇಲೆ, ಹಿಂದಿನ ಸಾಲಿನವನು ಧೈರ್ಯಮಾಡಿ ಹಾಡು ಚೆನ್ನಾಗಿದೆ, ತೆಗೆಯಬೇಡಿ ಎಂದರೆ, ನಿಂತು ಕೇಳಿ. ಮೊದಲ ಎರಡನ್ನು ಗಿಲ್ಬರ್ಟ್ ಬಲ್ಲವನಾಗಿದ್ದ. ಮೂರನೆಯದನ್ನು ಅವನಿಗೆ ಕಂಪನಿ ಕಲಿಸಿತು. ‘ಮಿಕಾಡೊ’ ಪೂರ್ತಿಯಾದದ್ದು ಅವನು ಅದನ್ನು ಕಲಿತ ಮೇಲೆಯೇ.